ಹುಷಾರು ಎಂದು ಯಾರು ಯಾರಿಗೆ ಹೇಳಬೇಕು

ಕೊಟ್ಟೂರು
9 ಜೂನ್ 2024

ವಾಸ್ಕೋ ಪಟ್ಟಣದ ಶಿವಲೀಲಾ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ ಕುಳಿತ ಸಮಸ್ತ ಸಭಿಕರೇ, ಹಡಗಿನ ಮೂಟೆ ಇಳಿಸಿ ದಣಿದು ಬಂದ ಹಮಾಲ ದೊರೆಗಳೇ, ಜಾಗ ಸಿಗದೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಬಂಧುಗಳೇ, ಕೈ ತೊಳೆದವರು ಕುಳಿತುಕೊಳ್ಳಿ, ತೊಳೆಯದವರು ತೊಳೆದು ಬನ್ನಿ. ಪರದೆ ಏಳುತ್ತಿದೆ. ಕೊಟ್ಟೂರಿನ ಬೋರ್ಡು ಬರೆಯುವ ಬೆನಕಪ್ಪ, ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಊರಿನಲ್ಲಿ ನಾಟಕ ಕಟ್ಟಿದರೂ ಖಳನಾಯಕನ ಪಾತ್ರಕ್ಕೆ ಮೊದಲ ಕರೆ ಪಡೆಯುವ ಬೆನಕಪ್ಪ, ನಿಮ್ಮೆಲ್ಲರ ಪಾದಕ್ಕೆ ಶರಣು ಮಾಡುತ್ತಿದ್ದಾನೆ.

ಈ ಕಾಗದವನ್ನು ನಿಮ್ಮ ತಂಗಿ ಶಿವಲೀಲಾ ಒಡೆದು ಊಟದವರ ಮುಂದೆ ಗಟ್ಟಿಯಾಗಿ ಓದುತ್ತಾರೆಂಬ ಗುಮಾನಿ ನನಗಿದೆ, ಮಾಲಾ ಅವರೇ. ಅದಕ್ಕೇ ಎಲ್ಲರಿಗೂ ಮೊದಲೇ ನಮಸ್ಕಾರ ಹೇಳಿಬಿಟ್ಟೆ. ಇನ್ನು ಮುಂದಿನದು ನಿಮಗೊಬ್ಬರಿಗೆ. ಉಳಿದವರು ಊಟ ಮಾಡಲಿ.

ನೀವು ಈ ಸೀಮೆ ಬಿಟ್ಟು ಗೋವಾ ಸೇರಿ ಎರಡನೇ ಮಳೆಗಾಲ ಬಂತು. ಫೋನ್ ಮಾಡಿದಾಗಲೆಲ್ಲ ಶಿವಲೀಲಾ ಅವರೇ ಎತ್ತುತ್ತಾರೆ. "ಅಕ್ಕ ಫೋನಿನ್ಯಾಗ ಮಾತಾಡಂಗಿಲ್ಲಂತ್ರಿ, ಏನಿದ್ರೂ ಕಾಗದ ಬರೀರಿ" ಎನ್ನುತ್ತಾರೆ. ಮೈಕು ಕೈಕೊಟ್ಟ ದಿನ ಇಡೀ ಬಯಲಿಗೆ ಕೇಳಿಸಿದ ಕಂಠ ನನ್ನದು. ಅದನ್ನು ಮಡಚಿ ಲಕೋಟೆಯೊಳಗೆ ತುರುಕು ಎಂದರೆ ಹೇಗೆ? ಆದರೂ ತುರುಕಿದ್ದೇನೆ, ನೋಡಿ. ಅಂಚೆಯ ವೆಂಕಟೇಶ ನಕ್ಕ. "ಬೆನಕಣ್ಣ, ಈಗಿನ ಕಾಲದಾಗ ಕೈಲೆ ಕಾಗದ ಬರಿಯಾವ್ರು ಇಬ್ರ. ನೀನು, ಮತ್ತ ಕೋರ್ಟಿನವ್ರು" ಅಂದ.

ಒಂದು ಕೆಲಸ ಬಿದ್ದಿದೆ. ಚಿಗಟೇರಿ ಕಡೆ ಹೊಳೆಯ ನೀರನ್ನು ಕೆರೆಗಳಿಗೆ ತುಂಬಿಸುವ ಕಾಲುವೆ ಆಗುತ್ತಿದೆ. ಎರಡೂ ಬದಿ ಇಳಿಜಾರಿಗೆ ಸಿಮೆಂಟು. ನೀರು ಬಿಟ್ಟಲ್ಲಿ ಪಾಚಿ ಕಟ್ಟಿದೆ, ಜಾರಿ ಬಿದ್ದವರು ಹತ್ತಿ ಬರುವಂತಿಲ್ಲ. ಫ್ಲೆಕ್ಸ್ ಹಾಕಿದರೆ ಜನ ಬಿಚ್ಚಿಕೊಂಡು ಹೋಗಿ ಬಣವೆಗೆ ಹೊದಿಸುತ್ತಾರೆಂದು ತಗಡಿನ ಮೇಲೆ ಬಣ್ಣದಲ್ಲಿ ಬರೆಯಲು ನನ್ನನ್ನು ಕರೆದರು. ಅಲ್ಲಿನ ಸೇಫ್ಟಿ ಆಫೀಸರ್ ಹಂಪೇಶ್ ಎಂಬ ಹುಡುಗ ಇಂಗ್ಲಿಷ್ ಶಬ್ದಗಳ ಮಳೆಯನ್ನೇ ಸುರಿಸಿದ.

"ನೋಡ್ರಿ, ನೋಟಿಸ್ ಅಂದ್ರ ಬರೇ ತಿಳುವಳಿಕಿ, ನೀಲಿ ಬಣ್ಣ. ಕಾಷನ್ ಅಂದ್ರ ಪೆಟ್ಟಾಗಬಹುದು, ಹಳದಿ. ವಾರ್ನಿಂಗ್ ಅಂದ್ರ ಜೀವ ಹೋಗಬಹುದು, ಕಿತ್ತಳಿ. ಡೇಂಜರ್ ಅಂದ್ರ ಹೋಗೇ ಹೋಗ್ತತಿ, ಕೆಂಪು."

"ಮತ್ತ ಬಿವೇರ್ ಅಂತಾರಲ್ರಿ?"

"ಅದು ನಾಯಿ ಇದ್ದ ಮನಿಗೆ."

"ಹಜಾರ್ಡ್?"

"ಅದು ಟ್ಯಾಂಕರ್ ಹಿಂದ ಬರೀತಾರ."

"ಅಲರ್ಟ್?"

"ಅದು ಟಿವಿಯವ್ರದು, ಬಿಡ್ರಿ. ನೀವು ಈ ನಾಕು ಬರೀರಿ, ಕೆಳಗ ಕನ್ನಡದಾಗೂ ಬರೀರಿ."

ನಾನು ನಾಲ್ಕಕ್ಕೂ ಎಚ್ಚರಿಕೆ ಎಂದೇ ಬರೆದು ತೋರಿಸಿದೆ. ಹುಡುಗ ಒಪ್ಪಲಿಲ್ಲ. "ನಾಕಕ್ಕೂ ಒಂದ ಮಾತು ಬರದ್ರ ನಾಕು ಬಣ್ಣ ಯಾಕ್ ತಂದ್ರಿ?" ಅಂದ. ಮಾತಿನಲ್ಲಿ ನ್ಯಾಯವಿದೆ. ಒಬ್ಬ ಇಂಗ್ಲಿಷಿನವ ಸಾಯುವುದಕ್ಕೆ ಮುಂಚೆ ಅವನಿಗೆ ನಾಲ್ಕು ಮೆಟ್ಟಿಲು ಇಟ್ಟಿದ್ದಾರೆ. ನಮ್ಮವನಿಗೆ ಒಂದೇ. ನನಗೆ ತಕ್ಷಣ ನೆನಪಾದದ್ದು ನೀವು. ತಾಯಿಯ ಪಾತ್ರ, ಪ್ರೇಯಸಿಯ ಪಾತ್ರ, ಸವತಿಯ ಪಾತ್ರ ಎಲ್ಲದರಲ್ಲೂ ಯಾರನ್ನಾದರೂ ಎಚ್ಚರಿಸುತ್ತಲೇ ಇದ್ದವರು. ನಾಲ್ಕು ಕನ್ನಡ ಮಾತು ಕಳಿಸಿ.

ಹೊಳಲಿನಲ್ಲಿ ನಾಟಕದ ದಿನ ಕೇಳಿದ್ದಕ್ಕೆ ಉತ್ತರ ಕೇಳುತ್ತಿಲ್ಲ. ಅದು ಮುಗಿದ ಮಾತು. ಬೋರ್ಡಿನ ಮಾತು ಮಾತ್ರ ಕೇಳುತ್ತಿದ್ದೇನೆ.

ನಿಮ್ಮ
ಬೆನಕಪ್ಪ


ವಾಸ್ಕೋ
30 ಜೂನ್ 2024

ಬೆನಕಪ್ಪನವರಿಗೆ ಮಾಲಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದವನ್ನು ನಾನೇ ಒಡೆದೆ. ಮೊದಲ ಸಾಲುಗಳನ್ನು ಮಾತ್ರ ತಂಗಿ ಊಟದವರಿಗೆ ಓದಿದಳು. ಕಲಘಟಗಿಯ ಹಮಾಲನೊಬ್ಬ ನಿಜವಾಗಿಯೂ ಎದ್ದು ಹೋಗಿ ಕೈ ತೊಳೆದು ಬಂದ.

ನೀವು ಕೇಳಿದ್ದಕ್ಕೆ ರೊಟ್ಟಿ ಬಡಿಯುತ್ತ ಯೋಚಿಸಿದೆ. ನಮ್ಮಲ್ಲಿ ಮಾತು ಕಡಿಮೆ ಇಲ್ಲ. ಆದರೆ ಅವನ್ನು ಬೋರ್ಡು ಹೇಳಲಾರದು, ಮನುಷ್ಯರೇ ಹೇಳಬೇಕು. ಹುಷಾರು ಎಂಬುದನ್ನು ಮನೆಯಲ್ಲಿ ಉಳಿಯುವವರು ಹೊರಟವರಿಗೆ ಹೇಳುತ್ತಾರೆ. ಅದರಲ್ಲಿ ಅಪಾಯಕ್ಕಿಂತ ಬೇಗ ಬಾ ಎಂಬುದೇ ಹೆಚ್ಚು. ಜ್ವಾಕಿ ಎಂಬುದನ್ನು ಪ್ರೀತಿ ಇದ್ದವರೂ ಹೇಳುತ್ತಾರೆ, ಹಲ್ಲು ಕಡಿಯುವವರೂ ಹೇಳುತ್ತಾರೆ. ಮುಖ ನೋಡದೆ ಯಾವುದೆಂದು ತಿಳಿಯುವುದಿಲ್ಲ. ತಾಯಿಯಾದರೆ ಬಾವಿಯ ಕಡೆ ಹೋದರೆ ಕಾಲು ಮುರಿಯುತ್ತೇನೆ ಎನ್ನುತ್ತಾಳೆ. ಅದೇ ನಿಮ್ಮ ಹಂಪೇಶ್ ಸಾಹೇಬರ ಕೆಂಪು ಬಣ್ಣ. ಅಪಾಯ ಎಂದು ಮಾತ್ರ ನಮ್ಮಲ್ಲಿ ಯಾರೂ ಬಾಯಿಂದ ಕೂಗಿದ್ದನ್ನು ನಾನು ಕಂಡಿಲ್ಲ. ಹಾವು ಕಂಡರೆ ಹಾವು ಎಂದೇ ಕೂಗುತ್ತೇವೆ. ಬೆಂಕಿ ಕಂಡರೆ ಬೆಂಕಿ ಎಂದು.

ಹಾಗಾಗಿ ಏನು ಇದೆಯೋ ಅದನ್ನೇ ಬರೆಯಿರಿ. ಇಲ್ಲಿ ಮಳೆ ನಿಂತಿಲ್ಲ. ಜೋಳದ ಹಿಟ್ಟು ತೇವ ಹಿಡಿದು ರೊಟ್ಟಿ ಹರಿಯುತ್ತದೆ. ಕೊಟ್ಟೂರಿನ ಒಣ ಗಾಳಿ ನೆನಪಾಗುತ್ತದೆ.

ಒಂದು ಮಾತು. ಹೊಳಲಿನಲ್ಲಿ ನೀವು ನನ್ನನ್ನು ಏನು ಕೇಳಿದಿರಿ?

ಮಾಲಾ


ಕೊಟ್ಟೂರು
8 ಜುಲೈ 2024

ಮಾಲಾ ಅವರಿಗೆ,

ಏನು ಕೇಳಿದಿರಿ ಎಂದು ಕೇಳುತ್ತೀರಿ. ಒಳ್ಳೆಯದು. ಕೊಂದವರೇ ಹೆಣದ ಹತ್ತಿರ ಬಂದು ಇವರು ಯಾರು ಎಂದು ವಿಚಾರಿಸುವ ದೃಶ್ಯವನ್ನು ನಾನೂ ಎಷ್ಟೋ ನಾಟಕಗಳಲ್ಲಿ ಮಾಡಿದ್ದೇನೆ. ಹೆಣದ ಪಾತ್ರ ಇದೇ ಮೊದಲು.

ಒಮ್ಮೆ ಕೇಳಿದ್ದನ್ನು ಎರಡನೇ ಸಲ ಕೇಳುವವನು ಈ ಬೆನಕಪ್ಪ ಅಲ್ಲ. ನೀವು ಕನ್ನಡಿಯ ಮುಂದೆ ಕುಳಿತಿದ್ದಿರಿ. ನಾನು ಪರದೆಯ ಹಗ್ಗ ಹಿಡಿದು ನಿಮ್ಮ ಹಿಂದೆ ನಿಂತಿದ್ದೆ. ಕೇಳಿದೆ. ನೀವು ಹಣೆಗೆ ಕುಂಕುಮ ಇಟ್ಟುಕೊಂಡು, ಸೆರಗು ಸರಿ ಮಾಡಿಕೊಂಡು, ತಿರುಗಿಯೂ ನೋಡದೆ ರಂಗದ ಮೇಲೆ ನಡೆದಿರಿ. ಆಮೇಲಿನ ತಿಂಗಳು ಗೋವಾ ಬಸ್ಸು ಹತ್ತಿದಿರಿ. ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆ ಏನಿದೆ? ಅಲ್ಲಿಗೆ ಆ ಅಂಕ ಮುಗಿಯಿತು. ಗಂಟೆ ಬಾರಿಸಿ.

ಬೋರ್ಡಿನ ವಿಷಯಕ್ಕೆ ಬರುತ್ತೇನೆ. ನೀಲಿ, ಹಳದಿ, ಕಿತ್ತಳೆ ಮೂರೂ ಮುಗಿದವು. ಹುಷಾರು ಎಂಬುದನ್ನು ಹಳದಿಗೆ ಹಾಕಿದೆ, ಹಂಪೇಶ್ ಒಪ್ಪಿದ. ಕೆಂಪು ಮಾತ್ರ ನನ್ನ ಕೈ ತಡೆಯಿತು. ಡೇಂಜರ್ ಎಂದು ಬರೆದು ಒಂದು ಬುರುಡೆ, ಎರಡು ಎಲುಬು ಹಾಕಿದರೆ ಅದನ್ನು ನೋಡಿ ಹೆದರುವವರು ಯಾರು? ಕರೆಂಟಿನ ಕಂಬದ ಮೇಲೆ ಅದೇ ಬುರುಡೆ ದಿನಾ ನೋಡುತ್ತಾರೆ, ಅದೇ ಕಂಬಕ್ಕೆ ಎಮ್ಮೆ ಕಟ್ಟುತ್ತಾರೆ. ನಮ್ಮ ಜನಕ್ಕೆ ಸಾವು ಎಂದರೆ ಎಲುಬಲ್ಲ. ಸಾವು ಎಂದರೆ ಯಮ. ಮೀಸೆ, ಕಿರೀಟ, ಕೈಯಲ್ಲಿ ಪಾಶ, ಕೆಳಗೆ ಕೋಣ. ಆಳೆತ್ತರದ ತಗಡಿನ ಮೇಲೆ ಅವನನ್ನು ನಿಲ್ಲಿಸಿದ್ದೇನೆ. ಕಣ್ಣಿಗೆ ಬೆಳ್ಳಿ ಬಣ್ಣದ ಚುಕ್ಕೆ ಇಟ್ಟಿದ್ದೇನೆ, ಬಿಸಿಲು ಬಿದ್ದರೆ ಹೊಳೆಯುತ್ತದೆ. ನೀವು ನೋಡಬೇಕು.

ನೀವು ನೋಡುವುದಿಲ್ಲ ಎಂಬುದು ಗೊತ್ತು.

ಬೆನಕಪ್ಪ


ವಾಸ್ಕೋ
2 ಆಗಸ್ಟ್ 2024

ಬೆನಕಪ್ಪನವರಿಗೆ ನಮಸ್ಕಾರ.

ನಿಮ್ಮ ಸಿಟ್ಟಿನ ಕಾಗದ ತಲುಪಿತು. ಮೂರು ಸಲ ಓದಿದೆ. ಅದರ ಬಗ್ಗೆ ಈಗ ಏನೂ ಬರೆಯಲಾರೆ.

ಯಮನನ್ನು ಅಷ್ಟು ಚಂದ ಬರೆಯಬೇಡಿ. ನೀವು ಖಳನಾಯಕನಾಗಿ ಬಂದಾಗಲೂ ಇದೇ ಆಗುತ್ತಿತ್ತು. ಜನ ಹೆದರಬೇಕಾದಲ್ಲಿ ಮುಂದೆ ಮುಂದೆ ಸರಿದು ಕೂರುತ್ತಿದ್ದರು. ರಂಗದ ಅಂಚಿಗೆ ಬಂದ ಮಕ್ಕಳನ್ನು ಹಿಂದೆ ಕೂರಿಸುವುದೇ ಕಮಿಟಿಯವರಿಗೆ ಕೆಲಸ.

ಇಲ್ಲಿ ಬಂದರಿನ ಗೇಟಿನ ಹತ್ತಿರ ಬೋರ್ಡುಗಳೇ ಬೋರ್ಡುಗಳು. ನೀವು ಹೇಳಿದ ಬಣ್ಣಗಳನ್ನು ಈಗ ಗುರುತಿಸುತ್ತೇನೆ. ಇಂಗ್ಲಿಷ್ ಅಕ್ಷರಗಳನ್ನು ಚಿತ್ರದಂತೆ ನೆನಪಿಟ್ಟುಕೊಂಡಿದ್ದೇನೆ. ಬಾಗಿದ ಹೊಟ್ಟೆಯ ಅಕ್ಷರದಿಂದ ಶುರುವಾದರೆ ಡೇಂಜರ್. ನನಗೆ ಬೋರ್ಡುಗಳು ಬಹಳ ಬೇಕಾಗಿವೆ.

ಕಳೆದ ವಾರ ಮೀನಿನ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ನಾನು ದಾರಿಯಲ್ಲಿದ್ದೆ. ಒಬ್ಬ ಮನುಷ್ಯ ರಟ್ಟೆ ಹಿಡಿದು ಎಳೆದ. ಲಾರಿಯ ಚಕ್ರ ನನ್ನ ಚಪ್ಪಲಿಯ ಮೇಲೆ ಹೋಯಿತು. ಅವನು ಕೈ ಬೀಸಿ ಬೀಸಿ ಬೈದ. ಏನೋ ಯೋಚನೆಯಲ್ಲಿದ್ದೆ, ಅಷ್ಟೇ. ತಂಗಿ ಈಗ ಒಬ್ಬಳನ್ನೇ ಮಾರ್ಕೆಟ್ಟಿಗೆ ಬಿಡುವುದಿಲ್ಲ.

ನೀವು ಇತ್ತ ಬರುವ ಯೋಚನೆ ಮಾಡಿದ್ದರೆ ಬಿಟ್ಟುಬಿಡಿ. ಮೊದಲಿನ ಮಾಲಾ ಇಲ್ಲಿ ಸಿಗುವುದಿಲ್ಲ.

ಮಾಲಾ


ಕೊಟ್ಟೂರು
20 ಆಗಸ್ಟ್ 2024

ಮಾಲಾ ಅವರಿಗೆ,

ಚಪ್ಪಲಿಯ ಮಾತು ಓದಿ ನನ್ನ ಕೈಯ ಬ್ರಷ್ ಕೆಳಗೆ ಬಿತ್ತು. ಏನು ಯೋಚನೆ ಅದು, ಲಾರಿಯ ಹಾರನ್ನಿಗೂ ಕರಗದ ಯೋಚನೆ? ಯಾರ ಯೋಚನೆ? ಕೇಳುವ ಹಕ್ಕು ನನಗಿಲ್ಲ. ಆದರೂ ಆ ಸಾಲಿನ ಮೇಲೆ ಕುಳಿತು ಇಡೀ ದಿನ ಕಳೆದೆ. ಗೋವಾದಲ್ಲಿ ಯಾರೋ ಇದ್ದಾರೆ ಎಂದುಕೊಂಡೆ. ಬರಬೇಡಿ ಎಂಬುದಕ್ಕೆ ಅದೇ ಕಾರಣವಿರಬೇಕು. ಇದ್ದರೆ ಹೇಳಿಬಿಡಿ, ನಾನು ನೀಲಿ ಬಣ್ಣದಲ್ಲಿ, ಬರೇ ತಿಳುವಳಿಕೆ ಎಂದು ಓದಿಕೊಳ್ಳುತ್ತೇನೆ.

ನೀವು ಹೇಳಿದಂತೆಯೇ ಆಯಿತು. ಯಮ ಸೋಲಿಸಿದ.

ಬೋರ್ಡು ನೆಟ್ಟ ವಾರದೊಳಗೆ ಅವನ ಪಾದಕ್ಕೆ ಅರಿಶಿಣ ಬಿದ್ದಿತ್ತು. ಆಮೇಲೆ ಕುಂಕುಮ, ಆಮೇಲೆ ನಿಂಬೆಹಣ್ಣು, ಕೋಣದ ಕೊಂಬಿಗೆ ಹಸಿರು ಬಳೆ. ಸುತ್ತಲಿನ ಕುರಿಯವರು, ಹೊಲದವರು, ಹರಪನಹಳ್ಳಿಗೆ ಹೋಗುವ ಬೈಕಿನವರು ಎಲ್ಲರೂ ಅಲ್ಲಿ ನಿಂತೇ ಮುಂದೆ ಹೋಗುತ್ತಾರೆ. ಯಾರೂ ನಿಲ್ಲಬಾರದು ಎಂದು ಬೋರ್ಡು ಹಾಕಿದ ಜಾಗದಲ್ಲಿ.

ನಾನು ಹಂಪೇಶನ ಜೊತೆ ನೋಡಲು ಹೋದಾಗ ಚಿಗಟೇರಿಯ ಪಕ್ಕೀರಮ್ಮ, ಕುರಿ ಕಾಯುವ ದೊಡ್ಡಬೀರಪ್ಪನ ಹೆಂಡತಿ, ಇಳಿಜಾರಿನ ಅಂಚಿನಲ್ಲಿ ಒಂದು ಕಾಲಿಟ್ಟು ಯಮನ ಹಣೆಗೆ ಕೈ ಚಾಚುತ್ತಿದ್ದಳು. ನಾನು ಏನು ಮಾಡಬಲ್ಲೆ, ನನಗೆ ಗೊತ್ತಿರುವುದು ಒಂದೇ. ಹೊಟ್ಟೆಯಿಂದ ಉಸಿರು ಎಳೆದು, ಹಿಂದಿನ ಸಾಲಿಗೂ ಮುಟ್ಟುವಂತೆ, ನಿಲ್ಲು ತಾಯೇ ಎಂದು ಗರ್ಜಿಸಿದೆ. ಆಕೆ ಬೆಚ್ಚಿ ತಿರುಗಿದಳು. ತಿರುಗಿದ್ದೇ ತಡ, ಕಾಲು ಜಾರಿತು.

ಕುರಿ ಹಿಂಡಿನ ಜೊತೆ ಅಲ್ಲೇ ಇದ್ದ ದೊಡ್ಡಬೀರಪ್ಪ ಹೆಗಲ ಕಂಬಳಿಯ ಒಂದು ತುದಿ ಎಸೆಯದಿದ್ದರೆ, ಮಾಲಾ ಅವರೇ, ಇಂದು ನಾನು ಈ ಕಾಗದ ಬರೆಯುತ್ತಿರಲಿಲ್ಲ. ಸೊಂಟದವರೆಗೆ ನೀರಿನಲ್ಲಿ ಇಳಿದಿದ್ದ ಆಕೆಯನ್ನು ನಾವು ಮೂವರೂ ಸೇರಿ ಎಳೆದೆವು. ಮೇಲೆ ಬಂದು ಕೂತಳು. ಸೀರೆ ಹಿಂಡಿಕೊಂಡಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಮನ್ನ ಬರದಾಂವ ನೀನ ಏನಪಾ?"

"ಹೌದು ತಾಯಿ."

"ನೀನ ಯಮನ ಬರದಿ, ನೀನ ಯಮನಂಗ ಕೂಗಿದಿ. ಇನ್ನ ಕ್ವಾಣ ಒಂದು ತಂದು ನನ್ನ ಕರಕೊಂಡು ಹೋಗಿಬಿಡು."

ದೊಡ್ಡಬೀರಪ್ಪ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಹಂಪೇಶ್ ಆಕೆಯ ಹತ್ತಿರ ಕುಳಿತು ಕೇಳಿದ. "ಅಲ್ಲಮ್ಮ, ಅಪಾಯ ಅಂತ ಕೆಂಪ ಅಕ್ಷರದಾಗ ಬರದೈತಿ. ಗೊತ್ತಿದ್ದೂ ಯಾಕ ಹತ್ರ ಬಂದಿ?"

"ಗೊತ್ತಿದ್ದ ಬಂದೀನಿ. ಅಂವ ಅಲ್ಲಿ ನಿಂತಾನಂದ್ರ ಸುಮ್ನ ಹೋಗಾಕ ಆಗ್ತತೇನು? ದಿನಾ ನಮ್ಮ ಕುರಿ ಈ ದಂಡಿ ಮ್ಯಾಲ ಹೊಕ್ಕಾವ. ಒಂದೀಟು ಅರಿಷಿಣ ಹಚ್ಚಿ ತಣ್ಣಗ ಇರಪಾ ಅಂದು ಹೋಗಬೇಕು. ನೀವು ಓದಿದವ್ರು, ನೋಡಿ ಓಡಿ ಹೊಕ್ಕೀರಿ. ನಾವು ಇಲ್ಲೇ ಇರಾವ್ರು, ಎಲ್ಲಿಗೆ ಓಡೂನು?"

ವಾಪಸು ಬರುವ ದಾರಿಯಲ್ಲಿ ಹಂಪೇಶ್ ನನಗೆ ಹೇಳಿದ್ದು ಇಷ್ಟು. "ಬೆನಕಪ್ಪನವ್ರ, ಚಿತ್ರ ಬ್ಯಾಡ್ರಿ. ಅಲ್ಲಿ ಏನೈತಿ, ಏನಾಗ್ತತಿ, ಅಷ್ಟ ಬರೀರಿ."

ನೀವೂ ಅದನ್ನೇ ಬರೆದಿದ್ದಿರಿ, ಹಾವು ಕಂಡರೆ ಹಾವು ಎಂದು. ನನ್ನ ಕೈಯಿಂದಲೇ ನನ್ನ ಯಮನಿಗೆ ಬಿಳಿ ಬಣ್ಣ ಬಳಿದೆ. ಮೊದಲು ಕಣ್ಣು ಮುಚ್ಚಿದೆ, ಆಮೇಲೆ ಉಳಿದದ್ದು ಸುಲಭವಾಯಿತು. ಅದರ ಮೇಲೆ ಕೆಂಪಿನಲ್ಲಿ ಇಷ್ಟೇ ಬರೆದೆ: ಕಾಲುವೆ. ಜಾರಿದರೆ ಹತ್ತಿ ಬರಲು ಆಗುವುದಿಲ್ಲ. ಈಗ ಯಾರೂ ನಿಲ್ಲುವುದಿಲ್ಲ. ಪಕ್ಕೀರಮ್ಮ ಮಾತ್ರ ದೂರದಿಂದಲೇ ಕೈ ಮುಗಿಯುತ್ತಾಳಂತೆ.

ಬೋರ್ಡು ಒಣಗುವವರೆಗೆ ಅಲ್ಲೇ ಕುಳಿತಿದ್ದೆ. ಬದುಕಿನಲ್ಲಿ ನಾನು ಬರೆದ ಅತಿ ಸಪ್ಪೆ ಬೋರ್ಡು ಅದು. ಆದರೆ ಓದಿದವನಿಗೆ ಸಂಶಯ ಉಳಿಯುವುದಿಲ್ಲ. ಹೊಳಲಿನಲ್ಲಿ ಕೇಳಿದ್ದನ್ನೂ ಹಾಗೆ ಬರೆಯಬಹುದಲ್ಲ ಎನಿಸಿತು. ನಾನು ಎರಡನೇ ಸಲ ಕೇಳುವವನಲ್ಲ ಎಂದು ಬರೆದಿದ್ದೆ. ಆ ಮಾತಿನ ಮೇಲೂ ಬಿಳಿ ಬಣ್ಣ ಬಳಿಯುತ್ತೇನೆ.

ಹೊಳಲಿನಲ್ಲಿ ನಾನು ಕೇಳಿದ್ದು ಇದು. ಕೊಟ್ಟೂರಿಗೆ ಬಂದು ನನ್ನ ಜೊತೆ ಇರುತ್ತೀರಾ?

ಮನೆಯಾಕೆ ತೀರಿಹೋದ ಮೇಲೆ ನಾನು ಯಾರನ್ನೂ ಏನನ್ನೂ ಕೇಳಿದವನಲ್ಲ. ಅದಕ್ಕೇ ಅಂದು ಜೀವಮಾನದಲ್ಲಿ ಒಂದೇ ಒಂದು ಸಲ ಮೆಲ್ಲಗೆ ಮಾತಾಡಿದೆ, ಅದೂ ನಾಚಿಕೆಯಿಂದ ಮುಖವನ್ನು ಪರದೆಯ ಕಡೆ ತಿರುಗಿಸಿಕೊಂಡು. ಉತ್ತರ ಏನಾದರೂ ಇರಲಿ. ಬರೆಯಿರಿ.

ಬೆನಕಪ್ಪ


ಕೊಟ್ಟೂರು
25 ಸೆಪ್ಟೆಂಬರ್ 2024

ಮಾಲಾ ಅವರಿಗೆ,

ಕಾಗದವಿಲ್ಲ. ವೆಂಕಟೇಶ ಸೈಕಲ್ ನಿಲ್ಲಿಸದೆ ದೂರದಿಂದಲೇ ಕೈ ಆಡಿಸುತ್ತಾನೆ. ಮೊದಲು ನಗುತ್ತಿದ್ದ, ಈಗ ನಗುವುದೂ ಇಲ್ಲ. ಅದೇ ಹೆಚ್ಚು ಹೆದರಿಕೆ.

ಹಗರಿಬೊಮ್ಮನಹಳ್ಳಿಯ ತಂಡದವರು ಬಂದಿದ್ದರು, ಹೊಸ ನಾಟಕಕ್ಕೆ ಕರೆಯಲು. ನಾಯಕಿ ಯಾರು ಎಂದು ಕೇಳಿದೆ. ಯಾವುದೋ ಹೆಸರು ಹೇಳಿದರು. ಗಂಟಲು ಸರಿ ಇಲ್ಲ ಎಂದು ಕಳಿಸಿಬಿಟ್ಟೆ.

ಲಾರಿಗಳ ಹತ್ತಿರ ಹೋಗಬೇಡಿ. ಹುಷಾರು.

ಬೆನಕಪ್ಪ


ವಾಸ್ಕೋ
14 ಅಕ್ಟೋಬರ್ 2024

ಬೆನಕಪ್ಪನವರಿಗೆ ಮಾಲಾ ಮಾಡುವ ನಮಸ್ಕಾರಗಳು.

ಬರೆದು ಹರಿದ ಕಾಗದಗಳಿಂದ ಒಲೆ ಹೊತ್ತಿಸಬಹುದಿತ್ತು. ನಿಮ್ಮ ಹಂಪೇಶ್ ಸಾಹೇಬರು ಹೇಳಿದಂತೆ ಏನಿದೆಯೋ ಅಷ್ಟೇ ಬರೆಯುತ್ತೇನೆ.

ನನಗೆ ಕಿವಿ ಕೇಳುವುದಿಲ್ಲ.

ಮೊದಲು ಎಡಗಿವಿ ಹೋಯಿತು, ಆಮೇಲೆ ಬಲಗಿವಿ. ಪಣಜಿಯ ಡಾಕ್ಟರು ನರ ಒಣಗಿದೆ ಎಂದರು. ಮಷೀನು ಹಾಕಿದರೆ ತಗಡಿನ ಮೇಲೆ ಜೋಳ ಸುರಿದಂತೆ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಲಾರಿ ಹಿಂದಕ್ಕೆ ಬಂದ ದಿನ ನಾನು ಯಾರ ಯೋಚನೆಯಲ್ಲೂ ಇರಲಿಲ್ಲ. ಹಾರನ್ ಕೇಳಲಿಲ್ಲ. ಗೋವಾದಲ್ಲಿ ಯಾರೂ ಇಲ್ಲ. ಶಿವಲೀಲಾ ಇದ್ದಾಳೆ, ಅವಳ ಗಂಡ ಇದ್ದಾನೆ, ರೊಟ್ಟಿ ಇದೆ.

ಹೊಳಲಿನ ನಾಟಕದ ಹೊತ್ತಿಗೆ ಎರಡೂ ಕಿವಿ ಹೆಚ್ಚು ಕಡಿಮೆ ಹೋಗಿದ್ದವು. ಯಾರಿಗೂ ಹೇಳಿರಲಿಲ್ಲ. ಹಾರ್ಮೋನಿಯಂ ನುಡಿಸುವ ವೀರಭದ್ರಯ್ಯನವರ ಕೈ ನೋಡಿ ಹಾಡು ಎತ್ತುತ್ತಿದ್ದೆ. ಎದುರಿಗಿನವರ ಬಾಯಿ ನೋಡಿ ಮಾತು ತೆಗೆಯುತ್ತಿದ್ದೆ. ನಿಮ್ಮ ಎದುರು ಎಂದೂ ತಪ್ಪಲಿಲ್ಲ. ಬೆನ್ನ ಹಿಂದೆ ಏನು ನಡೆದರೂ ನನಗೆ ಇಲ್ಲದಂತೆ. ಕನ್ನಡಿಯಲ್ಲಿ ನೀವು ಕಂಡಿದ್ದಿರಿ. ಹಗ್ಗ ಹಿಡಿದು ಅತ್ತ ನೋಡುತ್ತಿದ್ದಿರಿ. ಪರದೆ ಸಿಕ್ಕಿಕೊಂಡಿರಬೇಕು ಎಂದುಕೊಂಡೆ.

ಆ ಮಾತನ್ನು ನೀವು ಕೇಳಿದ್ದೀರಿ ಎಂಬುದು ಆಗಸ್ಟಿನ ನಿಮ್ಮ ಕಾಗದ ಓದುವವರೆಗೆ ನನಗೆ ಗೊತ್ತಿರಲಿಲ್ಲ. ಅಂದು ನನಗೆ ಕೇಳಿಸಿದ್ದರೆ ಏನು ಹೇಳುತ್ತಿದ್ದೆ ಎಂದು ಈ ಎರಡು ತಿಂಗಳು ಯೋಚಿಸಿದೆ. ಯೋಚಿಸಲು ಏನೂ ಇರಲಿಲ್ಲ. ನಾನು ಆ ಸೀಮೆ ಬಿಟ್ಟದ್ದೇ ನೀವು ಕೇಳಲಿಲ್ಲ ಎಂದು. ಕಿವುಡಿ ಎಂದು ಗೊತ್ತಾಗಿ ಜನ ಸೀಟಿ ಹೊಡೆಯುವ ಮೊದಲು, ತಡೆಯುವವರು ಯಾರೂ ಇಲ್ಲದಿದ್ದರೆ ಹೋಗಿಬಿಡೋಣ ಎಂದು.

ಈಗ ನಾನು ನಿಮ್ಮನ್ನು ಎಚ್ಚರಿಸಬೇಕು. ನಿಮ್ಮ ಬಣ್ಣಗಳಲ್ಲೇ ಹೇಳುತ್ತೇನೆ. ನೀಲಿಯಲ್ಲಿ ಹೇಳುವುದನ್ನು ಆಗಲೇ ಹೇಳಿದೆ. ಹಳದಿ ಎಂದರೆ, ನನ್ನ ಜೊತೆ ಇರುವವರಿಗೆ ಬೇಸರವಾಗುತ್ತದೆ. ಹಾಲು ಉಕ್ಕಿದ್ದು, ಬಾಗಿಲು ಬಡಿದದ್ದು, ಪಾತ್ರೆ ಬಿದ್ದದ್ದು ಯಾವುದೂ ನನಗಿಲ್ಲ. ತಂಗಿಯ ಮುಖ ದಿನಕ್ಕೆ ಎಷ್ಟು ಸಲ ಬಾಡುತ್ತದೆಂದು ನನಗೆ ಕಾಣುತ್ತದೆ. ಕಿತ್ತಳೆ ಎಂದರೆ, ಜನ ನಕ್ಕರೆ ನನ್ನನ್ನು ನೋಡಿಯೇ ನಕ್ಕರು ಎಂದುಕೊಂಡು ಸಿಟ್ಟು ಮಾಡುತ್ತೇನೆ, ಆಮೇಲೆ ಎರಡು ದಿನ ಊಟ ಬಿಡುತ್ತೇನೆ. ಕೆಂಪಿಗೆ ಏನು ಬರೆಯಬೇಕೋ ತಿಳಿಯಲಿಲ್ಲ. ನಿಮ್ಮ ಕಂಠವನ್ನು ನಾನು ಇನ್ನೆಂದೂ ಕೇಳುವುದಿಲ್ಲ. ಅದೇ ಇರಬೇಕು. ಊರಿಗೆಲ್ಲ ಕೇಳಿಸುವ ಮನುಷ್ಯನ ಮನೆಯಲ್ಲಿ ಅದನ್ನು ಕೇಳದವಳೊಬ್ಬಳು.

ಇಲ್ಲಿಯವರ ಬಾಯಿ ನನಗೆ ಓದಲು ಬರುವುದಿಲ್ಲ. ತುಟಿ ಅಲುಗಿಸದೆ ಮಾತಾಡುತ್ತಾರೆ, ಮೀಸೆಯೊಳಗೆ, ಅಡಿಕೆಯೊಳಗೆ, ಮೊಬೈಲಿನೊಳಗೆ. ನೀವು ಹಾಗಲ್ಲ. ಒಂದೊಂದು ಅಕ್ಷರಕ್ಕೂ ಬಾಯಿ ತೆರೆದು, ಹುಬ್ಬು ಏರಿಸಿ, ಕೈ ಎತ್ತಿ ಮಾತಾಡುತ್ತೀರಿ. ಚಹಾ ಕೇಳುವಾಗಲೂ ಹಾಗೆಯೇ. ಎಲ್ಲರೂ ಅದಕ್ಕೆ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈಗ ಅನಿಸುತ್ತದೆ, ನಾನು ಕಂಡವರಲ್ಲಿ ಕಣ್ಣಿಗೆ ಕಾಣುವಂತೆ ಮಾತಾಡುವ ಮನುಷ್ಯ ನೀವೊಬ್ಬರೇ.

ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ. ನಾನು ತಪ್ಪು ತಿಳಿಯುವುದಿಲ್ಲ. ತೆಗೆದುಕೊಳ್ಳುವುದಿಲ್ಲವೆಂದರೆ, ಬರುವವರು ಮುಂದಿನ ಬಾಗಿಲಿನಿಂದ ಬನ್ನಿ. ಬೆನ್ನ ಹಿಂದೆ ನಿಂತು ಕರೆಯಬೇಡಿ.

ಮಾಲಾ


ಕೊಟ್ಟೂರು
21 ಅಕ್ಟೋಬರ್ 2024

ಮಾಲಾ,

ಇವತ್ತು ಸಭಿಕರು ಯಾರೂ ಇಲ್ಲ. ಹಮಾಲ ದೊರೆಗಳು ಅವರ ಪಾಡಿಗೆ ಊಟ ಮಾಡಲಿ. ಈ ಕಾಗದವನ್ನು ಶಿವಲೀಲಾ ಅವರ ಕೈಗೂ ಕೊಡಬೇಡಿ.

ನಿಮ್ಮ ಕಾಗದವನ್ನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ವೆಂಕಟೇಶ ಒಳಗಿನಿಂದ ಏನೋ ಕೇಳಿದನಂತೆ, ನನಗೆ ಕೇಳಿಸಲಿಲ್ಲ. ಅವನು ಹೊರಗೆ ಬಂದು ಭುಜ ಅಲುಗಿಸಿದ. ಆಗ ಹೊಳೆಯಿತು, ನೀವು ದಿನವೂ ಹೀಗೆಯೇ ಇರುತ್ತೀರಿ ಎಂದು. ಒಬ್ಬರು ಬಂದು ಭುಜ ಮುಟ್ಟುವವರೆಗೆ ಊರೇ ಇಲ್ಲ.

ಈ ಎರಡು ವರ್ಷ ನಾನು ನಿಮ್ಮ ಬೆನ್ನಿಗೆ ಮುನಿಸು ಕಟ್ಟಿಕೊಂಡು ತಿರುಗಿದೆ. ನೀವು ನನ್ನ ಬೆನ್ನಿಗೆ. ಇಬ್ಬರೂ ಅತ್ತ ಮುಖ ಮಾಡಿ ನಿಂತ ದೃಶ್ಯಕ್ಕೆ ನಾಟಕದಲ್ಲಾದರೂ ಒಂದು ಹಾಡು ಇರುತ್ತದೆ.

ನಿಮ್ಮ ಎಚ್ಚರಿಕೆಗಳನ್ನು ಓದಿದೆ. ಹಾಲು ಉಕ್ಕಿದರೆ ಒಲೆ ಒರೆಸೋಣ. ಜನ ನಕ್ಕರೆ ಅವರು ಯಾಕೆ ನಕ್ಕರೆಂದು ನಾನು ನಿಮಗೆ ಕೂಡಲೇ ಹೇಳುತ್ತೇನೆ, ನನ್ನನ್ನು ನೋಡಿಯೇ ನಕ್ಕಿರುತ್ತಾರೆ. ಕೆಂಪಿನ ಮಾತು ಮಾತ್ರ ಅಷ್ಟು ಹಗುರವಲ್ಲ. ಈ ಕಂಠ ಬಿಟ್ಟರೆ ನನ್ನ ಹತ್ತಿರ ಏನಿದೆ ಎಂದು ಎರಡು ದಿನ ಬೋರ್ಡು ಬರೆಯದೆ ಕುಳಿತೆ. ಸುಳ್ಳು ಯಾಕೆ ಹೇಳಲಿ, ಅತ್ತುಬಿಟ್ಟೆ. ನಿಮಗಾಗಿ ಅತ್ತದ್ದೋ ನನಗಾಗಿ ಅತ್ತದ್ದೋ ಗೊತ್ತಿಲ್ಲ.

ಮೂರನೇ ದಿನ ಗಾದೆಪ್ಪನ ಕ್ಷೌರದಂಗಡಿಗೆ ಹೋಗಿ ಅವನ ಕನ್ನಡಿಯ ಮುಂದೆ ಕುಳಿತೆ. ದನಿ ಬಿಡದೆ ಮಾತಾಡಿ ನೋಡಿದೆ. ಬಾಯಿ, ಹುಬ್ಬು, ಕೈ ಅಷ್ಟೇ. ಗಾದೆಪ್ಪ ಕತ್ತರಿ ಕೆಳಗಿಟ್ಟ.

"ಯಾಕ ಬೆನಕಣ್ಣ, ಗಂಟ್ಲು ಹೋತೇನು?"

ಇಲ್ಲ ಎಂದು ಕೈ ಆಡಿಸಿದೆ.

"ಮತ್ತ ಯಾಕ ಕೆರಿ ಮೀನಿನಂಗ ಬಾಯಿ ತೆರ್ದು ಮುಚ್ಚಾಕತ್ತಿ?"

ನಾನು ಸುಮ್ಮನೆ, ದನಿಯಿಲ್ಲದೆ, ಒಂದು ಮಾತು ಕನ್ನಡಿಗೆ ಹೇಳಿದೆ. ಅವನು ಕನ್ನಡಿಯಲ್ಲೇ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಕೇಳಿದ. "ಯಾರನ್ನ ಕರಿಯಾಕತ್ತಿ? ಕೊಟ್ಟೂರಿಗೆ ಯಾರು ಬರಬೇಕು?"

ಗಾದೆಪ್ಪನಿಗೆ ತಿಳಿಯಿತೆಂದರೆ ನಿಮಗೆ ತಿಳಿಯದೇ? ನನ್ನ ಕಂಠದ ಅರ್ಧ ಯಾವಾಗಲೂ ಮುಖದ ಮೇಲೆಯೇ ಇತ್ತು, ನನಗೇ ಗೊತ್ತಿರಲಿಲ್ಲ. ಆ ಅರ್ಧ ನಿಮಗೆ. ಉಳಿದ ಅರ್ಧವನ್ನು ಊರಿನವರು ಹಂಚಿಕೊಳ್ಳಲಿ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಪ್ರವೀಣಕುಮಾರನ ಲಾರಿ ಇಂದು ಸಂಜೆ ಹರಪನಹಳ್ಳಿಯಿಂದ ಮೆಕ್ಕೆಜೋಳ ಹೇರಿಕೊಂಡು ವಾಸ್ಕೋಗೆ ಹೊರಡುತ್ತದೆ. ಅವನ ಕೈಯಲ್ಲಿ ಕಳಿಸುತ್ತಿದ್ದೇನೆ, ನನಗಿಂತ ಮೊದಲು ನಿಮ್ಮ ಹತ್ತಿರ ಇರಲಿ ಎಂದು. ಇದನ್ನು ನೀಲಿ ಬಣ್ಣದ್ದು ಎಂದು ತಿಳಿಯಿರಿ.

ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೊಸಪೇಟೆಗೆ ಹೋಗಿ ಗೋವಾ ರೈಲು ಹತ್ತುತ್ತೇನೆ. ಊಟದ ಹೊತ್ತಿಗೆ, ಖಾನಾವಳಿ ತುಂಬಿರುವಾಗ, ಮುಂದಿನ ಬಾಗಿಲಿನಿಂದ ಒಳಗೆ ಬರುತ್ತೇನೆ. ಬೆಳಕು ಮುಖಕ್ಕೆ ಬೀಳುವ ಕಡೆ ನಿಲ್ಲುತ್ತೇನೆ. ಹೊಳಲಿನಲ್ಲಿ ಕೇಳಿದ್ದನ್ನು ಮತ್ತೆ ಕೇಳುತ್ತೇನೆ, ಚೂರೂ ದನಿ ತೆಗೆಯದೆ. ಅಷ್ಟೂ ಜನ ರೊಟ್ಟಿ ಮುರಿಯುತ್ತ ಕುಳಿತಿರುತ್ತಾರೆ. ಒಬ್ಬರಿಗೂ ಕೇಳಿಸುವುದಿಲ್ಲ. ನಿಮಗೆ ಕೇಳಿಸುತ್ತದೆ.

ಬೆನಕಪ್ಪ